ಮೂಲೆಯಲ್ಲಿ ಆರು

ಟಕ್ ಎಂದಿತು, ಪೆನ್ಸಿಲ್ ಬಿದ್ದ ಸದ್ದು, ಉರುಳುತ್ತಾ ಹೋಗಿ ಗೋಡೆಗೆ ತಾಗಿ ನಿಂತ ಸದ್ದು — ನಾನು ಕುರ್ಚಿಯಲ್ಲಿದ್ದೇನೆ, ಹಾಸಿಗೆಗೆ ಹೋಗಿದ್ದೆನಲ್ಲ, ಹನ್ನೊಂದಕ್ಕೆ ದೀಪ ಆರಿಸಿ ಇವರ ಪಕ್ಕದಲ್ಲಿ ಮಲಗಿದ್ದು ಚೆನ್ನಾಗಿ ನೆನಪಿದೆ, ಈಗ ಎರಡೂವರೆ, ಮೇಜಿನ ದೀಪ ಉರಿಯುತ್ತಿದೆ, ಎದುರಿಗೆ ನನ್ನದೇ ಹಾಳೆ, ಒಂಬತ್ತು ಮನೆಗಳ ಚೌಕ, ಒಂದರಿಂದ ಒಂಬತ್ತರವರೆಗಿನ ಅಂಕಿಗಳನ್ನು ತುಂಬಿ, ಅಡ್ಡಕ್ಕೂ ಉದ್ದಕ್ಕೂ ಅಂಟಿಕೊಂಡ ಎರಡೆರಡು ಮನೆಗಳನ್ನು ಗುಣಿಸಿ, ಎಲ್ಲ ಕೂಡಿದರೆ ಅತಿ ದೊಡ್ಡ ಮೊತ್ತ ಎಷ್ಟು, ಭಾನುವಾರದ ಪತ್ರಿಕೆಯ ಒಗಟು, ರಚಿಸಿದವಳು ನಾನು, ಉತ್ತರ ಮುನ್ನೂರ ಎಪ್ಪತ್ತೊಂದು ಎಂದು ಬರೆದುಕೊಟ್ಟವಳೂ ನಾನು, ಬೆಳಗಾದರೆ ಆ ಪುಟ ಅಚ್ಚಿಗೆ ಹೋಗುತ್ತದೆ, ಈಗಾಗಲೇ ಎರಡು ಸಲ ಓದುಗರು ನನ್ನ ಉತ್ತರವನ್ನು ಮೀರಿಸಿದ್ದಾರೆ, ಮೊನ್ನೆ ಕಚೇರಿಯಲ್ಲಿ ಸಂಪಾದಕರು ಎಲ್ಲರೆದುರು, ನೋಡಮ್ಮಾ, ಮೂರನೇ ಸಲ ಮುಖಕ್ಕೆ ಮಸಿ ಬಳಿಸಿಕೊಳ್ಳೋ ಶಕ್ತಿ ನನಗಿಲ್ಲ, ಆ ಜಾಗಕ್ಕೆ ಸೋಪಿನ ಜಾಹೀರಾತು ಹಾಕಿಬಿಡ್ತೀನಿ, ಅದಾದ್ರೂ ತೊಳೆಯುತ್ತೆ, ಸಂಪಾದಕರು ನಗಲಿಲ್ಲ, ಉಳಿದವರೆಲ್ಲ ನಕ್ಕರು.

ಮಲಗುವಾಗ ಖಾಲಿ ಬಿಟ್ಟಿದ್ದ ಚೌಕ ಈಗ ತುಂಬಿದೆ. ನಡುವೆ ಒಂಬತ್ತು, ಸರಿ, ಕೊಟ್ಟ ಉತ್ತರದಲ್ಲಿ ನಾನೂ ಅಲ್ಲೇ ಇಟ್ಟಿದ್ದೆ, ಮೇಲೆ ಎಂಟು, ಎಡಕ್ಕೆ ಏಳು, ಆದರೆ ಅವೆರಡರ ನಡುವಿನ ಮೂಲೆಯಲ್ಲಿ ಆರು — ನಾನು ಹಾಗೆ ಇಡುವವಳಲ್ಲ, ನೆರೆಯವರು ಹೆಚ್ಚಿರುವ ಮನೆಗೆ ದೊಡ್ಡ ಅಂಕಿ, ಮೂಲೆಗಳಿಗೆ ಚಿಲ್ಲರೆ, ಅದು ನನ್ನ ಕ್ರಮ, ಇಲ್ಲಿ ನೋಡಿದರೆ ಕೆಳಗಿನ ಸಾಲಿನ ನಡುವೆ ಜುಜುಬಿ ಮೂರು, ಇದೆಂಥ ಹುಚ್ಚು, ಗುಣಿಸುತ್ತೇನೆ, ಅಡ್ಡಸಾಲುಗಳು ಎಂಬತ್ತು, ನೂರ ಎಂಟು, ಒಂಬತ್ತು, ಕಂಬಸಾಲುಗಳು ಐವತ್ತಾರು, ತೊಂಬತ್ತೊಂಬತ್ತು, ಇಪ್ಪತ್ತೈದು, ಒಟ್ಟು ಮುನ್ನೂರ ಎಪ್ಪತ್ತೇಳು, ಮತ್ತೆ ಕೂಡಿದರೂ ಎಪ್ಪತ್ತೇಳು, ನನ್ನದಕ್ಕಿಂತ ಆರು ಹೆಚ್ಚು, ಅಂಕಿಗಳೆಲ್ಲ ಎಡಕ್ಕೆ ವಾಲಿವೆ, ನನ್ನವು ಎಂದೂ ವಾಲಿದ್ದಿಲ್ಲ, ಎಡ ಅಂಗೈಯ ಅಂಚು ಸೀಸದ ಪುಡಿಯಿಂದ ಮಿರಮಿರ ಹೊಳೆಯುತ್ತಿದೆ, ಬರೆದದ್ದರ ಮೇಲೆಯೇ ಸವರಿಕೊಂಡು ಹೋದ ಕೈ. ಒಂದನೇ ತರಗತಿಯಲ್ಲಿ ಅಪ್ಪ ಆ ಕೈಯನ್ನು ರಿಬ್ಬನ್ನಿನಿಂದ ಕುರ್ಚಿಗೆ ಕಟ್ಟಿದ್ದರು, ಬಿಚ್ಚಪ್ಪಾ, ಉರೀತಿದೆ, ಅಮ್ಮ ಬಾಗಿಲಲ್ಲೇ ನಿಂತು, ಬಿಟ್ಬಿಡ್ರೀ, ಯಾವ ಕೈಲಿ ಬರೆದ್ರೂ ಎರಡೂ ಎರಡೂ ನಾಲ್ಕೇ ತಾನೇ, ನೀನು ಸುಮ್ನಿರು ಎಂದರು ಅಪ್ಪ, ಎರಡು ತಿಂಗಳು ಹಾಗೇ ಕಟ್ಟಿದರು, ಆಮೇಲೆ ನಾನು ಬಲಗೈಯವಳಾದೆ, ಎಡಗೈ ಎಲ್ಲ ಮರೆತಿದೆ ಎಂದುಕೊಂಡಿದ್ದೆ, ಮೂವತ್ತು ವರ್ಷ, ಅದು ಮರೆತಿಲ್ಲ, ಕಲಿಯುತ್ತಿತ್ತು.

ಇವರು ಒಳಗಿನಿಂದ, ಯಾರೇ ಬಂದಿರೋದು, ಆಗಿಂದ ಅಲ್ಲಿಡು, ಇಲ್ಲಿಡು ಅಂತಿದ್ದೀಯಲ್ಲ, ಯಾರೂ ಇಲ್ಲ, ಮಲಗಿ ನೀವು ಎನ್ನುತ್ತೇನೆ. ಸ್ವಚ್ಛ ಹಾಳೆಯಲ್ಲಿ ಬಲಗೈಯಿಂದ ನಕಲು ಮಾಡಿ ಕೆಳಗೆ ಸಹಿ ಹಾಕುತ್ತೇನೆ, ಪುಟ ಉಳಿಯಿತು, ಹೇಗೆ ಹೊಳೀತಮ್ಮಾ ಎಂದರೆ ಹೊಳೀತು ಸಾರ್ ಅಂದರಾಯಿತು, ಆದರೆ ಎಡಗೈ ಬರೆದ ಆ ಹಾಳೆ ಇರಬಾರದು, ಹರಿಯಬೇಕು, ಎಳೆಯುತ್ತೇನೆ, ಬರುತ್ತಿಲ್ಲ, ಎಡಗೈ ಅದರ ಮೇಲೆ ಬಿಗಿಯಾಗಿ ಕೂತಿದೆ, ಬೆರಳ ಸಂದಿಯಲ್ಲಿ ಕಾಣುತ್ತದೆ, ಮೂಲೆಯಲ್ಲಿ ಆರು, ಇನ್ನೊಮ್ಮೆ ಎಳೆಯುತ್ತೇನೆ, ಆರು — ಆಯ್ತು, ಹರಿಯಲ್ಲ, ಕೈಗೆ ಪಿಸುಗುಡುತ್ತೇನೆ, ಇವರಿಗೂ ಹೇಳಲ್ಲ, ಅಮ್ಮನಿಗೂ ಹೇಳಲ್ಲ, ಯಾರಿಗೂ ಹೇಳಲ್ಲ, ಆಣೆ — ಆಗ ಬೆರಳುಗಳು ಒಂದೊಂದಾಗಿ ಸಡಿಲವಾಗುತ್ತವೆ.