ಮೂರನೇ ಹೆಡ್‌ರೆಸ್ಟ್

ಸಿಗ್ನಲ್‌ನಲ್ಲಿ ನಿಂತಿದ್ದ ನಮ್ಮ ಹಳೇ ಪಿಕಪ್‌ಗೆ ಹಿಂದಿನಿಂದ ಕಾರೊಂದು ಗುದ್ದಿದಾಗ ನನ್ನ ಕತ್ತು ಹಿಡಿದುಕೊಂಡಿತು. ಆ ಗಾಡಿಯ ಉದ್ದನೆಯ ಬೆಂಚ್ ಸೀಟು ಭುಜದ ಮಟ್ಟಕ್ಕೇ ಮುಗಿಯುತ್ತದೆ. "ತಲೆಗೆ ಆಸರೆ ಹಾಕಿಸೋವರೆಗೂ ಇದನ್ನ ಹತ್ತಲ್ಲ" ಎಂದು ಗಂಡನಿಗೆ ಖಡಾಖಂಡಿತವಾಗಿ ಹೇಳಿದೆ. ಕತ್ತು ವಾಸಿಯಾಯಿತು, ನನ್ನ ಹಟ ವಾಸಿಯಾಗಲಿಲ್ಲ. ಎಲ್ಲಿಗೆ ಹೋದರೂ ಬಸ್ಸಿನಲ್ಲೇ ಹೋದೆ.

ಕೊನೆಗೊಂದು ದಿನ ಅವರು ನನ್ನನ್ನು ಸೀಟು ಹೊಲಿಯುವವನ ಶೆಡ್ಡಿಗೆ ಕರೆಸಿಕೊಂಡರು. ಆತ ಸೀಟಿನ ಕಬ್ಬಿಣದ ಚೌಕಟ್ಟಿಗೆ ಕೊಳವೆ ವೆಲ್ಡ್ ಮಾಡಿ, ಗುಜರಿ ಕಾರಿನ ಹೆಡ್‌ರೆಸ್ಟ್‌ಗಳಿಗೆ ಹೊಸ ರೆಕ್ಸಿನ್ ಹೊದಿಸಿ ಕೂರಿಸಿದ್ದ. ಬಾಗಿಲ ಬಳಿಯದನ್ನು ಹಿಡಿದು ಅಲ್ಲಾಡಿಸಿದೆ, ಜಪ್ಪಯ್ಯ ಅಂದರೂ ಕದಲಲಿಲ್ಲ.

"ಹತ್ತಮ್ಮಾ ಮಹಾರಾಣಿ" ಎಂದರು, ಸ್ಟಿಯರಿಂಗ್ ಮುಂದೆ ಕೂತ ಗಂಡ.

ಹತ್ತಿದೆ. ಎಂದಿನಂತೆ ಸರಿದು ಸರಿದು ಅವರ ಪಕ್ಕದಲ್ಲಿ, ನಡುವೆ ಕೂತೆ. ತಲೆ ಒರಗಿಸಿದರೆ ಹಿಂದೆ ಬರೀ ಗಾಳಿ! ಹೆಡ್‌ರೆಸ್ಟ್ ಇದ್ದದ್ದು ಎರಡೇ, ಆ ತುದಿಗೊಂದು, ಈ ತುದಿಗೊಂದು.

ನನಗೆ ಮೈಯೆಲ್ಲ ಉರಿಯಿತು. "ಮದುವೆಯಾದಾಗಿನಿಂದ ಎಲ್ಲಿ ಕೂತಿದ್ದೀನಿ ರೀ ನಾನು?"

"ಮೂರು ಬೇಕಾ ಅಂತ ಕೇಳ್ದೆ ಅಕ್ಕಾ. ಇರೋರು ನಾವಿಬ್ಬರೇ ಅಂದ್ಬಿಟ್ರು" ಎಂದ ಸೀಟಿನವನು, ನಗು ತಡೆಯುತ್ತ.

ಗಂಡನ ಮುಖ ಇಂಗು ತಿಂದ ಮಂಗನಂತಾಯಿತು. "ಕಿಟಕಿ ಕಡೇದನ್ನ ಕಿತ್ತು ಮಧ್ಯಕ್ಕೆ ಹಾಕಪ್ಪಾ" ಎಂದು ಗೊಣಗಿದರು.

"ಕೀಳ್ಬೇಡ, ಇನ್ನೊಂದು ಹಾಕು" ಎಂದೆ. "ಜಗಳ ಆಡಿದ ದಿನ ಕೂರೋಕೆ ಅದೂ ಇರ್ಲಿ."

"ಇವತ್ತು ಆಡಿದ್ದು ಜಗಳ ಅಲ್ವಾ?" ಎಂದರು ಮೆಲ್ಲಗೆ.

ನಾನು ಕೂತ ಜಾಗದಿಂದ ಕದಲಲಿಲ್ಲ.