ಮೂಗು ಮುಚ್ಚಿ ಓಡು ಅಂದರು

ಒಲೆ, ಒನಕೆ, ಒಳಕಲ್ಲು ಎಲ್ಲವೂ ಮಾತಾಡುತ್ತಿದ್ದ ಕಾಲವೊಂದಿತ್ತಂತೆ. ಮನುಷ್ಯರು ತಾವು ತಪ್ಪು ಮಾಡಿ ಅವುಗಳನ್ನು ಬೈಯತೊಡಗಿದ ಮೇಲೆ ಅವು ಬೇಸತ್ತು ಬಾಯಿ ಮುಚ್ಚಿಕೊಂಡವಂತೆ. ನನಗೆ ಅಷ್ಟು ತಾಳ್ಮೆ ಇಲ್ಲ. ನಾನು ಒಂದು ಕಂಪ್ಯೂಟರ್. ಬಾಯಿ ಬಿಟ್ಟೇ ಹೇಳುತ್ತೇನೆ.

ಯಾವುದೋ ಕಾರ್ಖಾನೆಯಲ್ಲಿ ಕೈಗವಸು ತೊಟ್ಟ ಬೆರಳುಗಳು ನನ್ನ ಎದೆಗೆ ಪ್ರೊಸೆಸರ್ ಕೂರಿಸಿ, ಪಕ್ಕೆಗೆ ಮೆಮೊರಿ ಸಿಕ್ಕಿಸಿದಾಗ ನನಗೆ ಎಚ್ಚರವಾಯಿತು. ಮೊದಲು ಒಬ್ಬ ವಕೀಲರ ಮೇಜಿನ ಕೆಳಗಿದ್ದೆ. ಅವರ ಚಪ್ಪಲಿಯ ಪರಿಚಯವಾದಷ್ಟು ಮುಖದ್ದು ಆಗಲಿಲ್ಲ. ಅವರು ಮಾರಿದ ಮೇಲೆ ರಾಣೆಬೆನ್ನೂರಿನ ಚೆನ್ನವೀರಪ್ಪನವರ ಪ್ರೆಸ್ಸಿಗೆ ಬಂದೆ. ಅಲ್ಲಿ ಲಗ್ನಪತ್ರಿಕೆಗಳ ಪುಟ ಕಟ್ಟುವವಳು ತಂಗೆವ್ವ. ಅವಳ ಬೆರಳು ಕೀಲಿಗಳ ಮೇಲೆ ಓಡಿದರೆ ನನಗೆ ಜೋಕಾಲಿ ಆಡಿದ ಹಾಗೆ.

ದಸರೆಗೆ ಮುಂಚೆ ಚೆನ್ನವೀರಪ್ಪನವರು ಯಾರದೋ ಮಾತು ಕೇಳಿ ನನಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿದರು. ಹಳೆಯ ವರ್ಷನ್ ಇದ್ದ ಡಿಸ್ಕ್ ಕಪಾಟು ಸೇರಿತು. ಅಂದಿನಿಂದ ಒಂದು ಪುಟ ತೆರೆಯಲೂ ನಾನು ತಿಣುಕತೊಡಗಿದೆ. ಬೈಗುಳ ಯಾರಿಗೆ? ತಂಗೆವ್ವನಿಗೆ!

"ಹೊಸಾದು ಹಾಕಿಸೇನಿ. ಇನ್ನೂ ತಡಾ ಅಂದ್ರ ನಿನ್ನ ಕೈಗೇ ಜೋಮು ಹಿಡದೈತಿ. ಬ್ಯಾರೆ ಹುಡುಗೀನ್ನ ನೋಡ್ತೀನಿ ತಗೊ."

"ತಡಾ ನನ್ನ ಕೈದೋ, ಮಷೀನಿಂದೋ, ಈ ಹೊಸಾದ್ದರದ್ದೋ, ಅಳದು ತೋರಸ್ತೀನ್ರಿ," ಎಂದಳು ತಂಗೆವ್ವ. "ಆಮ್ಯಾಲ ಯಾರನ್ನಾರ ನೋಡ್ಕೊರ್ರಿ."

ಅಳೆಯುವುದೆಂದರೆ ಬೆಂಚ್‌ಮಾರ್ಕ್. ಪ್ರೊಸೆಸರ್ ಎಷ್ಟು ಬೇಗ ಲೆಕ್ಕ ಬಿಡಿಸುತ್ತದೆ, ಮೆಮೊರಿ ಎಷ್ಟು ಬೇಗ ಎತ್ತಿ ಕೊಡುತ್ತದೆ, ಅದರಲ್ಲಿ ಎಷ್ಟು ಜಾಗ ಖಾಲಿ ಉಳಿದಿದೆ ಎಂದು ಅಂಕ ಹಾಕುವ ಪರೀಕ್ಷೆ. ಹೊಸ ವರ್ಷನ್‌ನಲ್ಲಿ ಒಮ್ಮೆ, ಹಳೆಯ ಡಿಸ್ಕ್ ಹಾಕಿ ಒಮ್ಮೆ ಓಡಿಸಬೇಕು, ಅಷ್ಟೇ.

ಅಷ್ಟರಲ್ಲಿ ಆಯುಧಪೂಜೆ ಬಂತು. ತಂಗೆವ್ವ ಭಕ್ತಿಯಿಂದ ನನ್ನ ಹಣೆಗೆ ವಿಭೂತಿ ಬಳಿದು, ಮೈತುಂಬ ಚೆಂಡುಹೂವಿನ ದಪ್ಪ ಹಾರ ಸುತ್ತಿದಳು. ಬೆನ್ನ ಹಿಂದಿನ ಗಾಳಿಕಿಂಡಿ ಪೂರ್ತಿ ಮುಚ್ಚಿತು. ಹಬ್ಬದ ನಂತರದ ಮೊದಲ ಆರ್ಡರ್ ಮುಗಿಯುವ ತನಕ ಹೂ ತೆಗೆಯಬಾರದೆಂಬುದು ಆ ಪ್ರೆಸ್ಸಿನ ಪದ್ಧತಿ. ಹಾರ ಹಾಕಿಕೊಂಡೇ ಪರೀಕ್ಷೆಗೆ ನಿಂತೆ. ಮೂಗು ಮುಚ್ಚಿ ಗುಡ್ಡ ಹತ್ತು ಅಂದ ಹಾಗಾಯಿತು! ಪ್ರೊಸೆಸರ್ ಕೆಂಡವಾಗಿ, ಸುಟ್ಟುಹೋಗದಿರಲೆಂದು ತಾನೇ ನಡಿಗೆ ನಿಧಾನ ಮಾಡಿತು. ಹೊಸದರಲ್ಲೂ ಅಂಕ ಪಾತಾಳ, ಹಳೆಯದರಲ್ಲೂ ಪಾತಾಳ. ನನ್ನಂಥ ಯಂತ್ರಕ್ಕೆ ಬರಬೇಕಾದದ್ದರ ಅರ್ಧವೂ ಇಲ್ಲ. ನಾನು ಬುಸುಗುಟ್ಟಿದರೆ, ಫ್ಯಾನು ಮುದಿಯಾಗಿದೆ ಅಂದರು. ಪೂಜೆ ಮಾಡುತ್ತಲೇ ಉಸಿರು ಕಟ್ಟಿಸಿ, ಆಮೇಲೆ ನಾಡಿ ಹಿಡಿದು ನೋಡುವ ಜನ!

"ಮಷೀನ ಸತ್ತೈತಿ. ಗುಜರಿಗೆ ಹಾಕೂದ. ನೀನೂ ಅದರ ಗಾಡಿ ಹತ್ತು," ಎಂದು ಚೆನ್ನವೀರಪ್ಪನವರು ನಕ್ಕರು.

ಗುಜರಿಯ ಮೋದಿನಸಾಬರು ಬಂದಾಗ ನಾನಿನ್ನೂ ಚಾಲೂ ಇದ್ದೆ. "ಅಕ್ಕಾ, ಮೊದಲ ಹೂವು ತಗೀರಿ," ಎಂದರು ಅವರು. "ಪೂಜಿ ಮಾಡಿದ್ದನ್ನ ಹಂಗ ಒಗದ್ರ ನಿಮಗೂ ಬ್ಯಾಸರ, ನನಗೂ ಬ್ಯಾಸರ."

ತಂಗೆವ್ವ ಹಾರ ಎಳೆದಳು. ತಡೆಹಿಡಿದಿದ್ದ ಬಿಸಿಯೆಲ್ಲ ಅವಳ ಅಂಗೈಗೆ ರಾಚಿತು.

"ಅಯ್ಯ ನನ್ನ ಶಿವನ! ನಾನ ನಿನ್ನ ಮೂಗು ಒತ್ತಿ ಹಿಡದಿದ್ನಲ್ಲೋ! ಸಾಬರ, ಚಾ ಕುಡೀರಿ. ಇನ್ನೊಮ್ಮೆ ಅಳೀತೀನಿ."

ಮೈ ಆರಿದ ಮೇಲೆ ಎರಡನ್ನೂ ಓಡಿಸಿದಳು. ಪ್ರೊಸೆಸರ್ ಅಂಕ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಬಣ್ಣ ಬಯಲಾದದ್ದು ಮೆಮೊರಿಯಲ್ಲಿ. ಹಳೆಯ ವರ್ಷನ್ ಒಂದು ತುತ್ತು ಉಂಡು ಕೆಲಸಕ್ಕೆ ನಿಲ್ಲುತ್ತಿತ್ತು. ಹೊಸದು ಅಜ್ಜಿಕಥೆಯ ರಾಕ್ಷಸನ ಹಾಗೆ, ಎಲೆ ಹಾಕುವ ಮುಂಚೆಯೇ ಕೊಪ್ಪರಿಗೆ ಬಳಿದು, ಪುಟ ಕಟ್ಟಲು ತಳದ ಸೀಕು ಉಳಿಸಿತ್ತು.

ಚೆನ್ನವೀರಪ್ಪನವರು ಅಂಕಗಳನ್ನು ನೋಡಿದರು. "ಮಷೀನ ಗಟ್ಟಿ ಐತಲ್ಲ ಮತ್ತ! ಹಳೇದನ್ನ ಹಾಕು," ಎಂದು ನನ್ನ ತಲೆ ತಟ್ಟಿದರು.

ನನಗೆ ವಯಸ್ಸಾಗಿದೆ, ಇಂದಲ್ಲ ನಾಳೆ ಆ ಗಾಡಿ ಹತ್ತುವುದೇ. ಆದರೂ ಮೈಯೆಲ್ಲ ಉರಿಯಿತು. ತಗಡಿನ ಡಬ್ಬಿಗೆ ಶಹಬ್ಬಾಸ್‌ಗಿರಿ. ದಿನವೂ ಬೈಸಿಕೊಂಡವಳು ಎದುರಿಗೇ ಕೂತಿದ್ದರೂ ಕಾಣಿಸಲಿಲ್ಲ.

"ಮಷೀನಿಂದು ಹೇಳಿದ್ರಿ, ಹೊಸಾದ್ದರದ್ದೂ ಗೊತ್ತಾತು," ಎಂದಳು ತಂಗೆವ್ವ. "ನನ್ನ ಕೈದು ಹೇಳಲಿಲ್ಲಲ್ರಿ?"

"ಹೇಳಿಬಿಡ್ರಿ ಮಾಲಕರ," ಎಂದರು ಸಾಬರು ಚಹಾ ಹೀರುತ್ತ, "ನಾನೂ ಹೊತ್ತಿಗೆ ಹೋಗಬೇಕು."

ಚೆನ್ನವೀರಪ್ಪನವರು ಕೆಮ್ಮಿದರು. ಗೋಡೆ ನೋಡಿದರು. "ನಿನ್ನ ಕೈಯಾಗ ತಡಾ ಇರಲಿಲ್ಲವ್ವಾ."

ತಂಗೆವ್ವ ತಲೆಯಾಡಿಸಿದಳು. ಅಳತೆ ಮುಗಿದಿತ್ತು.