ಮನೆಗೊಂದು ಸೀಸೆ

ಚುನಾವಣೆ ಹತ್ತಿರ ಬಂತೆಂಬುದು ನಮ್ಮ ಕೊಲ್ಲಿಯಲ್ಲಿ ಮೊದಲು ಗೊತ್ತಾಗುವುದು ಹೆಂಗಸರಿಗೆ. ಗಂಡಸರು ಸಂಜೆಯಾದರೆ ಸಾಕು, ಗಡ್ಡ ಬೋಳಿಸಿಕೊಂಡು ರಸ್ತೆ ನೋಡುತ್ತ ಅಂಗಳದಲ್ಲಿ ಓಡಾಡತೊಡಗುತ್ತಾರೆ. ಯಾವ ಪಾರ್ಟಿಯ ಕಾರು ಬರಲಿದೆ, ಅದರ ಡಿಕ್ಕಿಯಲ್ಲಿ ಏನಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಮನೆಗೊಂದು ಸೀಸೆ ರಮ್ಮು. ಕೇಪ್ ಬ್ರೆಟನ್ ದ್ವೀಪದ ಈ ಕರಾವಳಿಯಲ್ಲಿ ಅದನ್ನು ಲಂಚವೆಂದರೆ ಜನ ಸಿಟ್ಟಾಗುತ್ತಾರೆ. ಅದು ಮರ್ಯಾದೆಯಂತೆ.

ಆ ಅಕ್ಟೋಬರಿನಲ್ಲಿ ನನ್ನ ತಂಗಿ ಫ್ಲೋರಾ ಪಾರ್ಟಿಯ ಟಿಕೆಟ್ ಕೇಳಬೇಕೆಂದು ಮನಸ್ಸು ಮಾಡಿದಳು. ಅವಳು ಈ ಸೀಮೆಗೆಲ್ಲ ನರ್ಸು. ಹೆರಿಗೆ ನೋವಿನಲ್ಲಿರುವವರನ್ನು ಹಿಮದಲ್ಲಿ ಪಟ್ಟಣದವರೆಗೆ ಸಾಗಿಸಿ ಸಾಗಿಸಿ ಬೇಸತ್ತಿದ್ದಳು. ಇಲ್ಲೇ ಒಂದು ಆಸ್ಪತ್ರೆ ಬೇಕೆಂಬುದು ಅವಳ ಹಟ. ಅವಳ ಗಂಡ ಹೆಕ್ಟರ್ ಲಾಬ್‌ಸ್ಟರ್ ಹಿಡಿಯುವವನು. ಒಂದು ಕಾಲಕ್ಕೆ ಕುಡಿದು ದೋಣಿಯನ್ನೇ ಕಳೆದುಕೊಂಡಿದ್ದ. ಆಮೇಲೆ ಬಿಟ್ಟವನು ಮತ್ತೆ ಮುಟ್ಟಿರಲಿಲ್ಲ. ಬಾಯಿಗೆ ಏನಾದರೂ ಬೇಕಲ್ಲ ಎಂದು ದಿನವಿಡೀ ಚಹಾ ಕುಡಿಯುತ್ತಿದ್ದ, ತಾನೇ ಓಟ್ಸ್ ರೊಟ್ಟಿ ಸುಡುತ್ತಿದ್ದ. ನನ್ನ ರೊಟ್ಟಿಗಿಂತ ಅವನದೇ ಚೆನ್ನಾಗಿರುತ್ತಿತ್ತು ಎಂದು ಒಪ್ಪಿಕೊಳ್ಳುವುದಕ್ಕೆ ನನಗೆ ಈಗೇನೂ ಸಂಕೋಚವಿಲ್ಲ.

ಒಂದು ಭಾನುವಾರ ಚರ್ಚ್ ಮುಗಿಸಿ, ಪಾರ್ಟಿಯ ವೋಟಿನ ಲೆಕ್ಕ ನೋಡಿಕೊಳ್ಳುವ ಆರ್ಚಿ ನೀಲ್ ಫ್ಲೋರಾಳ ಅಡುಗೆಮನೆಗೆ ಬಂದರು. ನಮ್ಮ ಕಡೆ ಪಾರ್ಟಿಯ ಸದಸ್ಯರೇ ಚರ್ಚಿನ ಹಾಲಿನಲ್ಲಿ ಸೇರಿ, ವೋಟು ಹಾಕಿ ಅಭ್ಯರ್ಥಿಯನ್ನು ಆರಿಸುತ್ತಾರೆ. ಯಾರು ಆರಿಸಿ ಬರುತ್ತಾರೆಂದು ಆರ್ಚಿ ನೀಲ್ ಮೊದಲೇ ಹೇಳಿಬಿಡುತ್ತಿದ್ದರು. ಅವರ ಲೆಕ್ಕ ತಪ್ಪಿದ್ದನ್ನು ನಾನು ಕೇಳಿಲ್ಲ.

"ಹೇಳಿ, ನಂಗೆ ಸಿಗುತ್ತಾ?" ಎಂದಳು ಫ್ಲೋರಾ.

"ಅವಸರ ಮಾಡ್ಬೇಡ ತಾಯಿ. ಮೇಲಿನ ಕಣಿವೆಯಲ್ಲಿರೋರು ನಿಮ್ಮಪ್ಪನ ಕಡೆಯೋರು, ಅವು ನಿನ್ನ ಮನೆಗಳು. ಚರ್ಚ್ ಪಕ್ಕದವೆಲ್ಲ ನಿನ್ನೆದುರು ಟಿಕೆಟ್ ಕೇಳ್ತಿರೋ ಆ ವಕೀಲನಿಗೆ. ಅಲ್ಲಿಗೆ ಸಮಸಮ ಆಯ್ತು. ಇನ್ನು ಬಂದರಿನ ಮನೆಗಳು ಯಾರ ಕಡೆ ವಾಲ್ತವೋ ಟಿಕೆಟ್ ಅವರಿಗೆ."

"ಬಂದರಿನಲ್ಲಿ ನಾನು ಹೆರಿಗೆ ಮಾಡಿಸದ ಮನೆ ಇಲ್ಲ."

"ಹೆತ್ತೋರು ಹೆಂಗಸರು. ನಾನು ಎಣಿಸೋದು ಮನೆ. ಗಂಡ ಎಲ್ಲಿ ಹಾಕ್ತಾನೋ ಹೆಂಡ್ತೀನೂ ಅಲ್ಲೇ ಹಾಕ್ತಾಳೆ. ಬಂದರಿನ ಗಂಡಸರಿಗೆ ಏನು ಬೇಕು ಅಂತ ನಿಂಗೆ ಗೊತ್ತು."

ನನಗೆ ತಡೆಯಲಾಗಲಿಲ್ಲ. "ಹೋದ ಸಲ ನೀವು ಸೀಸೆ ಹಂಚಿದ ಮಾರನೇ ದಿನ ಇವಳು ಎಷ್ಟು ಹೆಂಗಸರಿಗೆ ಹೊಲಿಗೆ ಹಾಕಿದ್ಲು ಅಂತಾನೂ ಕೇಳಿ, ಆರ್ಚಿ ನೀಲ್."

"ಎಫೀ, ನೀನು ಚಹಾ ಬಗ್ಗಿಸಮ್ಮ," ಎಂದು ನಕ್ಕರು. ಆಮೇಲೆ ಫ್ಲೋರಾಳ ಕಡೆ ತಿರುಗಿ, "ಕೆಟ್ಟ ಪದ್ಧತಿ ಅಂತ ನಾನೂ ಒಪ್ತೀನಿ. ಮೊದಲು ಗೆಲ್ಲು, ಆಮೇಲೆ ನಿಲ್ಲಿಸು. ಸೋತೋರ ಮಾತು ಯಾರು ಕೇಳ್ತಾರೆ?" ಎಂದರು.

ಪದ್ಧತಿಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಸೀಸೆಯನ್ನು ಸುಮ್ಮನೆ ಕೊಟ್ಟು ಬರುವಂತಿಲ್ಲ. ಅಭ್ಯರ್ಥಿಯಾಗುವವನೇ ಡಿಕ್ಕಿಯ ಹತ್ತಿರ ನಿಂತು, ಮೊದಲ ಗ್ಲಾಸು ಬಗ್ಗಿಸಿ, ಮನೆಯ ಯಜಮಾನನ ಜೊತೆ ಕುಡಿಯಬೇಕು. ಹೆಂಗಸು ನಿಂತರೆ ಅವಳ ಬದಲಿಗೆ ಗಂಡ.

"ನಾನು ಬಗ್ಗಿಸಿ ಕೊಡ್ತೀನಿ. ಕುಡಿಯಲ್ಲ," ಎಂದ ಹೆಕ್ಟರ್.

"ತಾನು ಕುಡೀದೆ ಬೇರೆಯೋರಿಗೆ ಕುಡಿಸೋನನ್ನ ಯಾರಪ್ಪಾ ನಂಬ್ತಾರೆ? ತುಟಿಗೆ ತಾಗಿಸು, ಸಾಕು," ಎಂದರು ಆರ್ಚಿ ನೀಲ್.

ಹೆಕ್ಟರ್ ಹೆಂಡತಿಯ ಮುಖ ನೋಡಿದ. ಬೇಡ ಎಂಬ ಒಂದು ಮಾತು ಅವಳ ಬಾಯಿಂದ ಬರಲೆಂದು ನಾನು ಕಾದೆ. ಫ್ಲೋರಾ ಕಿಟಕಿಯ ಕಡೆ ತಿರುಗಿ, "ಇದೊಂದೇ ಸಲ," ಎಂದಳು.

ಸೀಸೆ ಹಂಚಲು ಹೊರಟ ಮೊದಲ ವಾರ ಅವನು ನೆಟ್ಟಗೇ ಇದ್ದ. ಎರಡನೆಯ ವಾರ ಅವನ ಬಾಯಿಂದ ಪೆಪ್ಪರ್‌ಮಿಂಟಿನ ವಾಸನೆ ಬರತೊಡಗಿತು. ಆಮೇಲೆ ರೊಟ್ಟಿ ಸುಡುವುದು ನಿಂತಿತು. ಚಹಾ ಕೊಟ್ಟರೆ ಮುಟ್ಟದೆ, ಅದು ಆರಿ ತಣ್ಣಗಾಗುವವರೆಗೆ ಹಾಗೇ ಕೂತಿರುತ್ತಿದ್ದ. ಪ್ರತಿ ಭಾನುವಾರ ಆರ್ಚಿ ನೀಲ್ ಬಂದು, "ಬಂದರು ವಾಲ್ತಾ ಇದೆ ತಾಯಿ, ಚೆನ್ನಾಗೇ ವಾಲ್ತಾ ಇದೆ," ಎನ್ನುತ್ತಿದ್ದರು. ಮನೆಯೊಳಗೆ ವಾಲುತ್ತಿದ್ದುದು ಏನೆಂದು ನಮಗೆ ಕಾಣುತ್ತಿತ್ತು.

"ನಿಲ್ಸೇ ಫ್ಲೋರಾ," ಎಂದೆ ಒಂದು ದಿನ.

"ಗೊತ್ತಕ್ಕಾ. ಕುಡುಕರನ್ನ ನಾನು ನೋಡಿಲ್ವಾ? ಸಭೆಗೆ ಇನ್ನೊಂದೇ ವಾರ. ಮುಗಿದ ತಕ್ಷಣ ನಾನೇ ಅವನ ಪಕ್ಕ ಕೂತು ಬಿಡಿಸ್ತೀನಿ."

ಆ ವಾರ ಮುಗಿಯಲಿಲ್ಲ. ಗುರುವಾರ ಬೆಳಿಗ್ಗೆ ಬಂದರಿನ ತಿರುವಿನ ಕೆಳಗೆ, ಬಂಡೆಗಳ ನಡುವೆ ಹೆಕ್ಟರನ ಕಾರು ಮಗುಚಿಕೊಂಡು ಬಿದ್ದಿತ್ತು. ಅವನು ಅದರೊಳಗೇ ಇದ್ದ. ಡಿಕ್ಕಿಯಲ್ಲಿದ್ದ ಸೀಸೆಗಳಲ್ಲಿ ಒಂದೂ ಒಡೆದಿರಲಿಲ್ಲವಂತೆ. ಹಾಗೆಂದು ಹೇಳಿದವರೇ ಅವನ್ನು ಎತ್ತಿಕೊಂಡೂ ಹೋಗಿದ್ದರು.

ಶವವನ್ನು ಮುಂದಿನ ಕೋಣೆಯಲ್ಲಿ ಇಟ್ಟಿದ್ದೆವು. ಗಂಡಸರು ಕೊಟ್ಟಿಗೆಯ ಹಿಂದೆ ಗುಂಪುಗೂಡಿ ಏನು ಮಾಡುತ್ತಿದ್ದರೆಂದು ಬೇರೆ ಹೇಳಬೇಕಾಗಿಲ್ಲ. ಊರಿನ ಹೆಂಗಸರೆಲ್ಲ ಅಡುಗೆಮನೆಯಲ್ಲಿದ್ದೆವು. ಎಷ್ಟು ಹೇಳಿದರೂ ಕೂರದೆ ಫ್ಲೋರಾ ಬ್ರೆಡ್ಡು ಕೊಯ್ಯುತ್ತ ನಿಂತಿದ್ದಳು. ಆಗ ಆರ್ಚಿ ನೀಲ್ ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದರು.

"ಈ ಹೊತ್ತಲ್ಲಿ ಹೇಳಬಾರದು ತಾಯಿ, ಆದ್ರೂ ನಿನ್ನ ಒಳ್ಳೇದಕ್ಕೇ ಹೇಳ್ತೀನಿ," ಎಂದು ದನಿ ತಗ್ಗಿಸಿದರು. "ವಕೀಲ ಹಿಂದೆ ಸರೀತಾನಂತೆ. ಗಂಡನ್ನ ಕಳ್ಕೊಂಡೋಳ ಎದುರು ನಿಂತು ಗೆದ್ದೋರನ್ನ ನಾನು ನೋಡಿಲ್ಲ. ಟಿಕೆಟ್ ನಿಂದೇ ಅಂದ್ಕೋ. ಹೆಕ್ಟರ್ ಹೆಸರಲ್ಲಿ ಮನೆಗೊಂದು ಸೀಸೆ ಕಳಿಸಿಬಿಡೋಣ, ನೆನಪಿಗೆ ಅಂತ."

ಫ್ಲೋರಾ ಚಾಕು ಕೆಳಗಿಟ್ಟಳು.

"ಬನ್ನಿ. ಈ ಲೆಕ್ಕಾನ ಒಳಗೆ ಅವನ ಮುಂದೆ ಹೇಳಿ."

"ದುಃಖದಲ್ಲಿದ್ದೀಯ, ಪಾಪ..."

"ಹೂಂ, ದುಃಖದಲ್ಲಿದ್ದೀನಿ. ಕಳಿಸಿದೋಳೂ ನಾನೇ. ಬೇಡ ಅನ್ನಲಿ ಅಂತ ಅವನು ನನ್ನ ಮುಖ ನೋಡ್ದ, ನಾನು ಕಿಟಕಿ ನೋಡ್ದೆ. ಬನ್ನಿ, ತಾನು ಕುಡಿದದ್ದಕ್ಕೆ ಎಷ್ಟು ಮನೆ ಬಂತು ಅಂತ ಅವನಿಗೂ ತಿಳೀಲಿ."

ಆರ್ಚಿ ನೀಲ್ ನಿಂತಲ್ಲಿಂದ ಕದಲಲಿಲ್ಲ.

"ಬರಲ್ವಾ? ಹಾಗಾದ್ರೆ ಕೇಳಿಸ್ಕೊಳ್ಳಿ. ನನ್ನ ಹೆಸರಲ್ಲಾಗಲಿ ಅವನ ಹೆಸರಲ್ಲಾಗಲಿ ಇನ್ನು ಒಂದು ಸೀಸೇನೂ ಯಾವ ಮನೆಗೂ ಹೋಗಬಾರದು. ಸಭೆಗೆ ಬರ್ತೀನಿ. ನಿಲ್ತೀನಿ. ಈ ಪದ್ಧತಿ ನನ್ನ ಗಂಡನ್ನ ತಿಂತು ಅಂತ ಮೈಕ್ ಮುಂದೆ ಹೇಳ್ತೀನಿ."

"ಹೇಳು. ಬಂದರು ಅಲ್ಲೇ ಕೈ ಬಿಡುತ್ತೆ. ಕಣಿವೇಲಿ ಅರ್ಧ ಮನೆ ಹೋಗುತ್ತೆ," ಎಂದರು ಆರ್ಚಿ ನೀಲ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸ. "ಕೊನೆಗೆ ನಿನ್ನ ಪಾಲಿಗೆ ಉಳಿಯೋಳು ನಿಮ್ಮಕ್ಕ ಒಬ್ಬಳೇ."

ಸಿಂಕಿನ ಹತ್ತಿರ ಕಪ್ಪು ತೊಳೆಯುತ್ತಿದ್ದ ಸೇಡೀ ಕೈ ಒರೆಸಿಕೊಂಡು ಈಚೆ ತಿರುಗಿದರು. ಸೇಡೀ ಆರ್ಚಿ ನೀಲರ ಹೆಂಡತಿ. ರಾಜಕೀಯದ ಬಗ್ಗೆ ಅವರು ಬಾಯಿ ಬಿಟ್ಟದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ರೀ, ನನ್ನನ್ನ ಯಾವ ಲೆಕ್ಕದಲ್ಲಿ ಹಾಕಿದ್ದೀರಿ?"

"ಏನೇ ಅದು?"

"ಇಷ್ಟು ವರ್ಷ ಊರನ್ನೆಲ್ಲ ಎಣಿಸಿದ್ರಿ. ನೀನು ಯಾರಿಗೆ ಹಾಕ್ತೀಯೇ ಸೇಡೀ ಅಂತ ಒಂದು ದಿನ ಕೇಳಿದ್ದೀರಾ?"

ಆರ್ಚಿ ನೀಲ್ ನಗಲು ನೋಡಿದರು. ಜೊತೆಗೆ ಯಾರೂ ನಗಲಿಲ್ಲ. ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಬಂದರಿನ ಹೆಂಗಸೊಬ್ಬಳು ತಲೆ ಎತ್ತದೆಯೇ, "ನನ್ನನ್ನೂ ಯಾರೂ ಕೇಳಿಲ್ಲ," ಎಂದಳು. ಅವಳ ಹುಬ್ಬಿನ ಮೇಲೆ ಫ್ಲೋರಾ ಹಾಕಿದ ಹೊಲಿಗೆಯ ಗುರುತಿತ್ತು.

ಆರ್ಚಿ ನೀಲ್ ಅಡುಗೆಮನೆಯನ್ನು ಸುತ್ತ ನೋಡಿದರು. ಕಣಿವೆಯವರು, ಚರ್ಚ್ ಪಕ್ಕದವರು, ಬಂದರಿನವರು, ಎಲ್ಲ ಕಡೆಯವರೂ ಅಲ್ಲಿದ್ದೆವು. ನಮ್ಮನ್ನು ಒಬ್ಬೊಬ್ಬರಾಗಿ ಎಣಿಸಿ ಅವರಿಗೆ ಅಭ್ಯಾಸವಿರಲಿಲ್ಲ.